ಕಾಡಿನ ದಾರಿಯಲ್ಲಿ ಉಣುಗಿನಿಂದ ರಕ್ಷಣೆ

(ಪರಿಸರ ಅಧ್ಯಯನ ಮತ್ತು ವಿಜ್ಞಾನ: 5ರಿಂದ 8ನೆಯ ತರಗತಿಗಳಿಗೆ. ಎರಡು ಅವಧಿಗಳ ಪಾಠ)

ಪಾಠದ ನೆಲೆ

ಡಿಸೆಂಬರ್ ತಿಂಗಳು ಬಂತೆಂದರೆ ಶಾಲೆಗಳಲ್ಲಿ ಪ್ರವಾಸದ ಸಿದ್ಧತೆ ಮೊದಲಾಗುತ್ತದೆ. ಮಳೆ ನಿಂತು, ದಾರಿ ಒಣಗಿ, ಕಾಡು ತಿರುಗಾಡಲು ಹಿತವಾಗಿರುವ ಕಾಲವದು. ವಯನಾಡು, ನೀಲಗಿರಿ, ತಾಳವಾಡಿ, ಗೋವೆಯ ಸತ್ತರಿ ಮೊದಲಾದ ಕಡೆಗಳ ಕಾಡಂಚಿನ ಮಕ್ಕಳಿಗಾದರೋ ಕಾಡು ಪ್ರವಾಸದ ತಾಣವಲ್ಲ, ದಿನನಿತ್ಯದ ದಾರಿ. ಸೌದೆಗೆ, ದನ ಕಾಯಲು, ಜೇನು ಮತ್ತು ನೆಲ್ಲಿಕಾಯಿ ತರಲು ಹಿರಿಯರೊಡನೆ ಅವರೂ ಹೋಗುತ್ತಾರೆ. ಹೀಗೆ ಜನರು ಕಾಡಿಗೆ ಹೆಚ್ಚು ಹೋಗುವ ಡಿಸೆಂಬರ್‌ನಿಂದ ಮೇ ವರೆಗಿನ ತಿಂಗಳುಗಳೇ ಉಣುಗಿನ ಮೂಲಕ ಹರಡುವ ಮಂಗನ ಕಾಯಿಲೆಯ ಕಾಲವೂ ಆಗಿದೆ.

ಆದಕಾರಣ ಈ ಪಾಠವನ್ನು ಪಠ್ಯಪುಸ್ತಕದ ಕ್ರಮಕ್ಕೆ ಕಾಯದೆ ನವೆಂಬರ್ ಕೊನೆಯೊಳಗೆ ಮಾಡಿ ಮುಗಿಸುವುದು ಲೇಸು. ಕಾಡಿನ ಬಗ್ಗೆ ಮಕ್ಕಳಲ್ಲಿ ಭಯ ಹುಟ್ಟಿಸುವುದು ಪಾಠದ ಉದ್ದೇಶವಲ್ಲ. ಕಾಡಿಗೆ ಹೋಗಿ ಕ್ಷೇಮವಾಗಿ ಮರಳುವ ರೂಢಿಯನ್ನು ಕಲಿಸುವುದು, ಜ್ವರ ಬಂದಾಗ ವೈದ್ಯರಿಗೆ ಏನು ಹೇಳಬೇಕೆಂಬುದನ್ನು ತಿಳಿಸುವುದು, ಈ ಎರಡೇ ಇದರ ಗುರಿ.

ಶಿಕ್ಷಕರಿಗೆ ಹಿನ್ನೆಲೆ

ಉಣುಗು ಕೀಟವಲ್ಲ, ಜೇಡ ಮತ್ತು ಚೇಳುಗಳ ಬಳಗಕ್ಕೆ ಸೇರಿದ ಜೀವಿ. ಮೊಟ್ಟೆಯೊಡೆದು ಬಂದ ಮರಿಗೆ ಆರು ಕಾಲುಗಳಿರುತ್ತವೆ. ಅದು ರಕ್ತ ಹೀರಿ, ಪೊರೆ ಕಳಚಿ, ಎಂಟು ಕಾಲುಗಳ ಎಳೆಯ ಉಣುಗಾಗುತ್ತದೆ. ಮತ್ತೊಮ್ಮೆ ರಕ್ತ ಹೀರಿ ಪೊರೆ ಕಳಚಿದ ಮೇಲೆ ಬಲಿತ ಉಣುಗಾಗುತ್ತದೆ. ಮಂಗನ ಕಾಯಿಲೆಯನ್ನು ಹರಡುವ ಉಣುಗುಗಳಲ್ಲಿ ಮುಖ್ಯವಾದುದರ ವೈಜ್ಞಾನಿಕ ಹೆಸರು ಹೀಮಾಫೈಸಾಲಿಸ್ ಸ್ಪಿನಿಜೆರಾ. ಇದು ಈ ಮೂರು ಹಂತಗಳಲ್ಲಿ ಬೇರೆ ಬೇರೆ ಪ್ರಾಣಿಯನ್ನು ಹತ್ತುತ್ತದೆ. ಮರಿ ಮತ್ತು ಎಳೆಯ ಉಣುಗುಗಳು ಇಲಿ, ಅಳಿಲು, ನೆಲದಲ್ಲಿ ಮೇಯುವ ಹಕ್ಕಿ, ಮಂಗ ಮೊದಲಾದವುಗಳ ಮೇಲೆ ಬದುಕಿದರೆ, ಬಲಿತವು ದನ, ಜಿಂಕೆಗಳಂತಹ ದೊಡ್ಡ ಪ್ರಾಣಿಗಳನ್ನು ಆಶ್ರಯಿಸುತ್ತವೆ.

ಮನುಷ್ಯನಿಗೆ ಹೆಚ್ಚು ಅಪಾಯ ತರುವುದು ಎಳೆಯ ಉಣುಗು. ರಾಗಿಕಾಳಿನಷ್ಟೇ ಇರುವುದರಿಂದ ಅದು ಕಣ್ಣಿಗೆ ಬೀಳುವುದು ಕಷ್ಟ. ಕಚ್ಚಿದಾಗ ನೋವೂ ಆಗುವುದಿಲ್ಲ. ಮಳೆಗಾಲದಲ್ಲಿ ಬಲಿತ ಉಣುಗುಗಳು, ಮಳೆ ನಿಂತ ಮೇಲೆ ಮರಿಗಳು, ಅನಂತರ ಬೇಸಿಗೆಯವರೆಗೆ ಎಳೆಯ ಉಣುಗುಗಳು ಹೆಚ್ಚಾಗಿ ಕಾಣಿಸಿಕೊಳ್ಳುತ್ತವೆ. ಕಾಯಿಲೆಗೂ ಋತುವಿಗೂ ಇರುವ ನಂಟು ಇದರಿಂದ ತಿಳಿಯುತ್ತದೆ.

ಉಣುಗು ಹಾರುವುದಿಲ್ಲ, ನೆಗೆಯುವುದಿಲ್ಲ, ಮರದ ಮೇಲಿಂದ ನಮ್ಮ ಮೇಲೆ ಉದುರುವುದೂ ಇಲ್ಲ. ಹುಲ್ಲಿನ ತುದಿಗೋ ತರಗೆಲೆಯ ಅಂಚಿಗೋ ಏರಿ ಮುಂಗಾಲುಗಳನ್ನು ಚಾಚಿಕೊಂಡು ಕಾಯುತ್ತದೆ. ಪ್ರಾಣಿಯ ಉಸಿರನ್ನೂ ಮೈಯ ಬಿಸಿಯನ್ನೂ ಗುರುತಿಸುವ ಅಂಗ ಅದರ ಮುಂಗಾಲುಗಳಲ್ಲಿದೆ. ನಾವು ಸವರಿಕೊಂಡು ಹೋದೊಡನೆ ಬಟ್ಟೆಯನ್ನು ಹಿಡಿದು, ಮೆಲ್ಲಗೆ ಮೇಲೇರಿ, ಚರ್ಮ ಮೆತ್ತಗಿರುವ ಜಾಗವನ್ನು ಹುಡುಕಿ ಕಚ್ಚುತ್ತದೆ. ಈ ಒಂದು ಸಂಗತಿಯನ್ನು ಮಕ್ಕಳು ಅರಿತರೆ, ಮುಂದೆ ಹೇಳುವ ಎಚ್ಚರಿಕೆಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ, ಅವರೇ ಊಹಿಸಿ ಹೇಳಬಲ್ಲರು.

ಕಾಯಿಲೆ ಬೆಳಕಿಗೆ ಬಂದ ಬಗೆ

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತಮುತ್ತ ಮಂಗಗಳು ಸಾಯುತ್ತಿದ್ದವು, ಅದೇ ಊರುಗಳ ಜನ ಕಠಿಣ ಜ್ವರದಿಂದ ಮಲಗಿದ್ದರು. ಮಂಗ ಮತ್ತು ಮನುಷ್ಯ ಇಬ್ಬರನ್ನೂ ಕೊಲ್ಲುವ ಹಳದಿ ಜ್ವರ ಏಷ್ಯಾಕ್ಕೆ ಕಾಲಿಟ್ಟಿತೇ ಎಂಬ ಆತಂಕ ಆಗ ಹುಟ್ಟಿತು. ಪುಣೆಯ ವೈರಸ್ ಸಂಶೋಧನ ಕೇಂದ್ರದ ಟೆಲ್ಫೋರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮೊದಲಾದ ವಿಜ್ಞಾನಿಗಳು ಪರೀಕ್ಷಿಸಿದಾಗ ಇದು ಹಳದಿ ಜ್ವರವಲ್ಲವೆಂದೂ ಉಣುಗಿನಿಂದ ಹರಡುವ ಹೊಸ ವೈರಸ್ಸೆಂದೂ ಗೊತ್ತಾಯಿತು. ಅಂದಿನಿಂದ ಇದಕ್ಕೆ ಕ್ಯಾಸನೂರು ಕಾಡಿನ ಕಾಯಿಲೆ ಎಂಬ ಹೆಸರು ನಿಂತಿದೆ. ಜನರ ಬಾಯಲ್ಲಿ ಅದು ಮಂಗನ ಕಾಯಿಲೆ.

ಬಹುಕಾಲ ಇದು ಕರ್ನಾಟಕದ ಮಲೆನಾಡು ಮತ್ತು ಕರಾವಳಿ ಜಿಲ್ಲೆಗಳ ಕಾಯಿಲೆಯೆಂದೇ ತಿಳಿಯಲಾಗಿತ್ತು. 2012ರಿಂದ ಈಚೆಗೆ ಆ ತಿಳಿವಳಿಕೆ ಬದಲಾಯಿತು. ಬಂಡೀಪುರದ ಕಾಡಿನಲ್ಲಿ ಕಾಯಿಲೆ ಕಂಡಿತು, ನೀಲಗಿರಿಯ ಮಂಗಗಳಲ್ಲಿ ಸೋಂಕು ಪತ್ತೆಯಾಯಿತು. 2013ರಲ್ಲಿ ವಯನಾಡಿನಲ್ಲಿ ಕಾಣಿಸಿಕೊಂಡು, 2015ರಲ್ಲಿ ಅದೇ ಜಿಲ್ಲೆಯಲ್ಲಿ ನೂರಕ್ಕೂ ಹೆಚ್ಚು ಜನರನ್ನು ಬಾಧಿಸಿತು. ಪುಲ್ಪಳ್ಳಿಯ ಸುತ್ತಿನ ಕಾಡುಗಳಲ್ಲಿ ಕಿರು ಉತ್ಪನ್ನ ಸಂಗ್ರಹಿಸುವ ಕಾಟ್ಟುನಾಯ್ಕರು ಆಗ ಹೆಚ್ಚು ನೊಂದರು. ಇವರ ಮನೆಮಾತು ಕನ್ನಡಕ್ಕೆ ಹತ್ತಿರವಾದುದು. 2015ರಲ್ಲಿಯೇ ಗೋವೆಯ ಸತ್ತರಿ ತಾಲ್ಲೂಕಿನಲ್ಲಿ, 2016ರಲ್ಲಿ ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯ ದೋಡಾಮಾರ್ಗದಲ್ಲಿ ಕಾಯಿಲೆ ಕಂಡಿತು. ಪಶ್ಚಿಮ ಘಟ್ಟದ ಕಾಡು ರಾಜ್ಯದ ಗಡಿಯನ್ನು ಅರಿಯದು, ಉಣುಗೂ ಅರಿಯದು.

ಮಂಗನ ಪಾತ್ರವೇನು?

ಈ ವೈರಸ್ಸು ಮುಸುವಗಳಿಗೂ ಕೆಂಪುಮೂತಿಯ ಕೋತಿಗಳಿಗೂ ಮಾರಕ. ಮಂಗ ಸತ್ತು ಮೈ ತಣ್ಣಗಾದಾಗ ಅದರ ಮೇಲಿದ್ದ ಉಣುಗುಗಳು ಇಳಿದು ಸುತ್ತಲ ನೆಲದಲ್ಲಿ ಹರಡುತ್ತವೆ. ಹೀಗಾಗಿ ಮಂಗ ಸತ್ತ ಜಾಗವೇ ಅಪಾಯದ ಜಾಗ. ಆರೋಗ್ಯ ಇಲಾಖೆಯವರು ಅಂತಹ ಜಾಗದ ಸುತ್ತ 50 ಮೀಟರ್‌ವರೆಗೆ ಕೀಟನಾಶಕ ಹಾಕುವುದು ಇದಕ್ಕಾಗಿ.

ಮಂಗವು ಕಾಯಿಲೆಯನ್ನು ತರುವ ಶತ್ರುವಲ್ಲ. ನಮ್ಮ ಹಾಗೆಯೇ ಕಾಯಿಲೆಗೆ ಬಲಿಯಾಗುವ ಜೀವಿ ಅದು. ನಮಗಿಂತ ಮೊದಲು ಸತ್ತು ಎಚ್ಚರಿಕೆ ಕೊಡುತ್ತದೆ. ಮಂಗಗಳನ್ನು ಹೊಡೆದು ಓಡಿಸುವುದರಿಂದ ಉಣುಗು ಕಡಿಮೆಯಾಗದು. ಹೆಸರಿನಲ್ಲಿ ಮಂಗನಿರುವುದರಿಂದ ಮಕ್ಕಳು ಮಂಗವನ್ನೇ ದೂಷಿಸುವುದು ಸಹಜ. ಅದನ್ನು ಪಾಠದ ಆರಂಭದಲ್ಲಿಯೇ ತಿದ್ದಬೇಕು. ದನಕರುಗಳ ಬಗೆಗೂ ಒಂದು ಮಾತು: ದನಗಳಿಗೆ ಈ ಕಾಯಿಲೆ ಬರುವುದಿಲ್ಲ. ಆದರೆ ಬಲಿತ ಉಣುಗುಗಳಿಗೆ ರಕ್ತ ಸಿಗುವುದು ದನಗಳಿಂದಾದ್ದರಿಂದ, ಕಾಡಿನಲ್ಲಿ ಮೇಯುವ ದನಗಳಿಂದ ಉಣುಗಿನ ಸಂಖ್ಯೆ ಬೆಳೆಯುತ್ತದೆ.

ಹೆಸರುಗಳ ಗೊಂದಲ

ಗಡಿನಾಡಿನ ಕನ್ನಡ ಶಾಲೆಗೆ ಈ ಪಾಠದಲ್ಲಿ ವಿಶೇಷವಾದ ಹೊಣೆಯೊಂದಿದೆ. ಆರೋಗ್ಯ ಇಲಾಖೆಯ ಭಿತ್ತಿಪತ್ರ, ಆಸ್ಪತ್ರೆಯ ಫಲಕ, ವೈದ್ಯರ ಪ್ರಶ್ನೆ ಎಲ್ಲವೂ ರಾಜ್ಯಭಾಷೆಯಲ್ಲಿರುತ್ತವೆ. ಮನೆಯಲ್ಲಿ ಅಜ್ಜ ಅಜ್ಜಿಯರಿಗೆ ಆ ಭಾಷೆಯ ಓದು ಬಾರದಿರಬಹುದು. ಆಗ ಎರಡು ಭಾಷೆಗಳ ನಡುವೆ ನಿಲ್ಲುವುದು ನಮ್ಮ ತರಗತಿಯ ಮಗುವೇ. ಆ ಮಗುವಿಗೆ ಸರಿಯಾದ ಪದಗಳನ್ನು ಕೊಡುವುದು ನಮ್ಮ ಕೆಲಸ.

ಮೊದಲನೆಯದು, ಉಣುಗು ಎಂಬ ಪದ. ಕನ್ನಡದಲ್ಲಿಯೇ ಇದಕ್ಕೆ ಉಣುಗು, ಉಣ್ಣೆ, ಉಣ್ಣಿ ಎಂಬ ರೂಪಗಳಿವೆ. ಉಣ್ಣೆ ಎಂದರೆ ಕುರಿಯ ತುಪ್ಪಟವೂ ಹೌದಾದ್ದರಿಂದ ಬರೆಹದಲ್ಲಿ ಉಣುಗು ಎಂದು ಬಳಸಿದರೆ ಗೊಂದಲವಿಲ್ಲ. ತಮಿಳಿನಲ್ಲಿ ಉಣ್ಣಿ, ಮಲಯಾಳದಲ್ಲಿ ಚೆಳ್ಳು ಅಥವಾ ಉಣ್ಣಿ, ಮರಾಠಿಯಲ್ಲಿ ಗೋಚೀಡ, ತೆಲುಗಿನಲ್ಲಿ ಗೋಮಾರಿ ಅಥವಾ ಪಿಡುದು ಎನ್ನುತ್ತಾರೆ.

ಎರಡನೆಯದು, ಕಾಯಿಲೆಯ ಹೆಸರು. ಮಲಯಾಳದಲ್ಲಿ ಇದು ಕುರಂಗುಪನಿ, ತಮಿಳಿನಲ್ಲಿ ಕುರಂಗು ಕಾಯ್ಚ್ಚಲ್, ಮರಾಠಿಯಲ್ಲಿ ಮಾಕಡತಾಪ. ಕಾವ್ಯ ಓದಿದ ಕನ್ನಡ ವಿದ್ಯಾರ್ಥಿಗೆ ಕುರಂಗವೆಂದರೆ ಜಿಂಕೆ, ಪನಿ ಎಂದರೆ ಹನಿ. ಮಲಯಾಳದಲ್ಲಾದರೆ ಕುರಂಗು ಮಂಗ, ಪನಿ ಜ್ವರ. ಸಮಾನವಾಗಿ ಕೇಳಿಸುವ ಪದಗಳೇ ಹೆಚ್ಚು ದಾರಿ ತಪ್ಪಿಸುತ್ತವೆ ಎಂಬುದಕ್ಕೆ ಇದೊಂದು ಒಳ್ಳೆಯ ಉದಾಹರಣೆ.

ಮೂರನೆಯದು, ಕನ್ನಡದೊಳಗಿನ ಗೊಂದಲ. ಮಂಗನ ಬಾವು ಎಂದರೆ ಕೆನ್ನೆ ಊದಿಕೊಳ್ಳುವ ಬೇರೆಯೇ ಕಾಯಿಲೆ, ಒಬ್ಬರಿಂದೊಬ್ಬರಿಗೆ ಹರಡುತ್ತದೆ. ಮಂಗನ ಸಿಡುಬು ಇನ್ನೊಂದು ಕಾಯಿಲೆ, ಅದೂ ಮನುಷ್ಯರಿಂದ ಮನುಷ್ಯರಿಗೆ ಹರಡಬಲ್ಲದು. ಆದರೆ ಮಂಗನ ಕಾಯಿಲೆ ರೋಗಿಯಿಂದ ಇನ್ನೊಬ್ಬರಿಗೆ ಅಂಟುವುದಿಲ್ಲ. ಕಾಯಿಲೆ ಬಂದ ಮನೆಯ ಮಗುವನ್ನು ತರಗತಿಯಲ್ಲಿ ದೂರ ಕೂರಿಸುವುದು ಅಜ್ಞಾನ ಮಾತ್ರವಲ್ಲ, ಅನ್ಯಾಯವೂ ಹೌದು.

ರಕ್ಷಣೆಯ ಕ್ರಮಗಳು

ಹೊರಡುವ ಮುನ್ನ: ತಿಳಿಬಣ್ಣದ, ತೋಳುದ್ದದ ಅಂಗಿ ಮತ್ತು ಉದ್ದನೆಯ ಪ್ಯಾಂಟು ತೊಡಬೇಕು. ಪ್ಯಾಂಟಿನ ಅಂಚನ್ನು ಕಾಲುಚೀಲದೊಳಗೆ ಸೇರಿಸಬೇಕು. ಉಣುಗು ಕೆಳಗಿನಿಂದ ಮೇಲಕ್ಕೆ ಏರುವುದರಿಂದ, ಒಳನುಗ್ಗುವ ಸಂದನ್ನು ಮುಚ್ಚಿದರೆ ಅದು ಬಟ್ಟೆಯ ಹೊರಗೇ ಉಳಿದು ಕಣ್ಣಿಗೆ ಬೀಳುತ್ತದೆ. ಕಾಯಿಲೆಯಿರುವ ಪ್ರದೇಶಗಳಲ್ಲಿ ತೆರೆದ ಮೈಗೆ ಉಣುಗು ನಿವಾರಕ ತೈಲ ಹಚ್ಚುವುದು ವಾಡಿಕೆ. ರಕ್ಷಣಾ ಸಂಶೋಧನ ಸಂಸ್ಥೆಯ ಗ್ವಾಲಿಯರ್ ಪ್ರಯೋಗಾಲಯವು ರೂಪಿಸಿದ ಡೆಪಾ ತೈಲವನ್ನು ಕರ್ನಾಟಕದ ಆರೋಗ್ಯ ಇಲಾಖೆ ಕಾಡಂಚಿನ ಜನರಿಗೆ ಹಂಚುತ್ತಿದೆ. ಇಂತಹ ತೈಲವನ್ನು ಮಕ್ಕಳಿಗೆ ಹಿರಿಯರೇ ಹಚ್ಚಬೇಕು. ಕಣ್ಣು, ಬಾಯಿ, ಗಾಯ ಮತ್ತು ಚಿಕ್ಕ ಮಕ್ಕಳ ಅಂಗೈಗೆ ತಾಗಿಸಬಾರದು. ಮನೆಗೆ ಬಂದ ಮೇಲೆ ಸಾಬೂನಿನಿಂದ ತೊಳೆಯಬೇಕು.

ಕಾಡಿನಲ್ಲಿ: ಕಾಲುದಾರಿಯ ನಡುವೆ ನಡೆಯಬೇಕು, ಪೊದೆ ಮತ್ತು ಎತ್ತರದ ಹುಲ್ಲನ್ನು ಸವರಿಕೊಂಡು ಹೋಗಬಾರದು. ತರಗೆಲೆಯ ಮೇಲೆ ಕೂರುವುದಾಗಲಿ ಮಲಗುವುದಾಗಲಿ ಸಲ್ಲದು. ಬುತ್ತಿ ಉಣ್ಣಲು ಬೋಳು ಬಂಡೆ ಅಥವಾ ಗುಡಿಸಿದ ಜಾಗವೇ ಯೋಗ್ಯ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ, ಮುಟ್ಟದೆ, ಆ ದಾರಿಯನ್ನೇ ಬಿಟ್ಟು, ಆರೋಗ್ಯ ಕಾರ್ಯಕರ್ತೆಗೋ ಅರಣ್ಯ ಸಿಬ್ಬಂದಿಗೋ ಪಂಚಾಯತಿಗೋ ತಿಳಿಸಬೇಕು.

ಮರಳಿದ ಮೇಲೆ: ಬಟ್ಟೆಯನ್ನು ಮನೆಯೊಳಗೆ ಹರಡದೆ ಬಿಸಿನೀರಿನಲ್ಲಿ ನೆನೆಸಬೇಕು. ತಣ್ಣೀರಿನಲ್ಲಿ ಒಗೆದರೆ ಉಣುಗು ಸಾಯುವುದಿಲ್ಲ. ತಡಮಾಡದೆ ಸಾಬೂನು ಹಚ್ಚಿ ಸ್ನಾನ ಮಾಡಿ, ಮೈಯನ್ನು ಪರೀಕ್ಷಿಸಿಕೊಳ್ಳಬೇಕು. ಕಿವಿಯ ಹಿಂದೆ, ಕೂದಲ ಬುಡ, ಕಂಕುಳು, ಹೊಕ್ಕಳು, ಸೊಂಟದ ಪಟ್ಟಿಯ ಜಾಗ, ತೊಡೆಸಂದು, ಮಂಡಿಯ ಹಿಂಭಾಗ, ಇವು ಉಣುಗಿನ ಮೆಚ್ಚಿನ ತಾಣಗಳು. ಜೊತೆಯಲ್ಲಿ ಬಂದ ನಾಯಿಯ ಮೈಯನ್ನೂ ನೋಡಬೇಕು. ಕೊಟ್ಟಿಗೆಗೆ ಮತ್ತು ತೋಟಕ್ಕೆಂದು ತರಗೆಲೆ ತಂದು ಮನೆಯ ಪಕ್ಕ ರಾಶಿ ಹಾಕುವ ರೂಢಿಯಿದ್ದಲ್ಲಿ, ಮಂಗ ಸತ್ತ ಕಾಡಿನಿಂದ ಆ ವರ್ಷ ತರಗೆಲೆ ತರದಿರುವುದು ಕ್ಷೇಮ.

ಉಣುಗು ಕಚ್ಚಿಕೊಂಡಿದ್ದರೆ: ಮೊನೆ ಚೂಪಾದ ಚಿಮುಟದಿಂದ ಚರ್ಮಕ್ಕೆ ಆದಷ್ಟು ಹತ್ತಿರದಲ್ಲಿ ಹಿಡಿದು, ತಿರುಚದೆ, ನೇರವಾಗಿ ನಿಧಾನವಾಗಿ ಮೇಲಕ್ಕೆಳೆಯಬೇಕು. ಬಳಿಕ ಆ ಜಾಗವನ್ನೂ ಕೈಗಳನ್ನೂ ಸಾಬೂನಿನಿಂದ ತೊಳೆಯಬೇಕು. ಸುಣ್ಣ ಹಚ್ಚುವುದು, ಸೀಮೆಎಣ್ಣೆ ಸುರಿಯುವುದು, ಬೀಡಿಯ ಕೆಂಡ ತಾಗಿಸುವುದು ಹಳ್ಳಿಗಳಲ್ಲಿ ಕಂಡುಬರುವ ರೂಢಿಗಳು. ಅವುಗಳಿಂದ ಉಣುಗು ಬೇಗ ಬಿಡುವುದಿಲ್ಲ, ಚರ್ಮ ಸುಡುತ್ತದೆ. ಕೆರಳಿದ ಉಣುಗು ತನ್ನೊಳಗಿನ ದ್ರವವನ್ನು ಗಾಯಕ್ಕೆ ಬಿಡಲೂಬಹುದು. ಉಗುರಿನಿಂದ ಹಿಸುಕಿ ಕೊಲ್ಲುವುದೂ ತಪ್ಪು, ಅದರ ರಸ ಕೈಯ ಗಾಯಕ್ಕೆ ತಾಗಬಾರದು.

ಬಯಲುಸೀಮೆಯ ಶಾಲೆಗಳಿಗೆ

ಸೊಲ್ಲಾಪುರ, ಜತ್ತ, ಆದೋನಿ, ರಾಯದುರ್ಗದ ಕಡೆಯ ಶಿಕ್ಷಕರು ಈ ಪಾಠ ನಮಗೇಕೆ ಎಂದು ಕೇಳಬಹುದು. ಅಲ್ಲಿ ಕ್ಯಾಸನೂರಿನಂತಹ ಕಾಡಿಲ್ಲ, ನಿಜ. ಆದರೆ ಕುರಿ, ಮೇಕೆ, ದನ, ನಾಯಿಗಳ ಮೈಮೇಲೆ ಉಣುಗು ಇದ್ದೇ ಇದೆ. ನಾಯಿಯ ಉಣುಗಿನಿಂದ ಜ್ವರ ಮತ್ತು ಮೈಮೇಲೆ ಗಂಧೆ ತರುವ ಬೇರೊಂದು ಕಾಯಿಲೆ ಭಾರತದ ಹಲವು ಕಡೆಗಳಲ್ಲಿ ಉಂಟು. ಜಾನುವಾರುಗಳ ಉಣುಗಿನಿಂದ ಹರಡುವ ಕಾಂಗೋ ರಕ್ತಸ್ರಾವ ಜ್ವರ 2011ರಲ್ಲಿ ಗುಜರಾತಿನಲ್ಲಿ ಪತ್ತೆಯಾಯಿತು. ಕುರಿಯ ಮೈಯಿಂದ ಉಣುಗು ಕಿತ್ತು ಬೆರಳಲ್ಲಿ ಹಿಸುಕುವ ಅಭ್ಯಾಸ ಕುರಿಗಾಹಿ ಮನೆಗಳ ಮಕ್ಕಳಲ್ಲಿದ್ದರೆ, ಅದನ್ನು ಬಿಡಿಸಲು ಈ ಪಾಠ ಸಾಕು.

ಜ್ವರ ಬಂದರೆ

ಉಣುಗು ಕಚ್ಚಿದ 3ರಿಂದ 8 ದಿನಗಳಲ್ಲಿ ಮಂಗನ ಕಾಯಿಲೆ ತಲೆದೋರುತ್ತದೆ. ಚಳಿಯೊಡನೆ ಥಟ್ಟನೆ ಏರುವ ಜ್ವರ, ವಿಪರೀತ ತಲೆನೋವು, ಮೈಕೈ ನೋವು, ಸುಸ್ತು, ಕೆಲವೊಮ್ಮೆ ವಾಂತಿ ಭೇದಿ ಇದರ ಲಕ್ಷಣಗಳು. ಕೆಲವರಲ್ಲಿ ಮೂಗು, ವಸಡುಗಳಿಂದ ರಕ್ತ ಬರುವುದುಂಟು. ಜ್ವರ ಬಿಟ್ಟಿತೆಂದು ನೆಮ್ಮದಿಗೊಂಡ ಮೇಲೆ ಒಂದೆರಡು ವಾರಗಳಲ್ಲಿ ಮತ್ತೆ ಜ್ವರ ಬಂದು, ನಡುಕ, ಗೊಂದಲ, ಕಣ್ಣು ಮಂಜಾಗುವುದು ಮೊದಲಾದ ತೊಂದರೆ ಕೆಲವರಿಗೆ ಆಗುತ್ತದೆ. ಆದ್ದರಿಂದ ಗುಣವಾದವರ ಮೇಲೂ ಕಣ್ಣಿಡಬೇಕು. ನೂರು ರೋಗಿಗಳಲ್ಲಿ ಸುಮಾರು 3ರಿಂದ 5 ಮಂದಿಗೆ ಇದು ಪ್ರಾಣಾಂತಕ.

ಈ ವೈರಸ್ಸನ್ನೇ ಕೊಲ್ಲುವ ನಿರ್ದಿಷ್ಟ ಔಷಧಿಯಿಲ್ಲ. ಹಿಂದೆ ಬಳಕೆಯಲ್ಲಿದ್ದ ಲಸಿಕೆಯ ರಕ್ಷಣೆ ಸಾಲದೆಂದು ಕಂಡು ಅದನ್ನು ನಿಲ್ಲಿಸಲಾಗಿದೆ. ಬೇಗ ಆಸ್ಪತ್ರೆ ಸೇರಿ, ದೇಹದಲ್ಲಿ ನೀರಿನಂಶ ಕಡಿಮೆಯಾಗದಂತೆ, ರಕ್ತಸ್ರಾವವಾಗದಂತೆ ಆರೈಕೆ ಪಡೆಯುವುದೇ ಉಳಿವಿನ ದಾರಿ. ಅಂಗಡಿಯ ನೋವಿನ ಮಾತ್ರೆಗಳನ್ನು, ಅದರಲ್ಲೂ ಆಸ್ಪಿರಿನ್ ಅನ್ನು, ತಾವಾಗಿಯೇ ನುಂಗಬಾರದು. ಅದು ರಕ್ತಸ್ರಾವವನ್ನು ಹೆಚ್ಚಿಸಬಲ್ಲದು.

ವೈದ್ಯರ ಮುಂದೆ ಜ್ವರವೆಂದಷ್ಟೇ ಹೇಳಿದರೆ ಅದು ಡೆಂಗಿಯೋ ಇಲಿಜ್ವರವೋ ಎಂದು ಹುಡುಕುತ್ತ ದಿನಗಳು ಕಳೆಯಬಹುದು. ಈ ಮೂರು ಮಾತುಗಳನ್ನು ಕೇಳದಿದ್ದರೂ ಹೇಳಬೇಕು: ಜ್ವರ ಯಾವ ದಿನ ಮೊದಲಾಯಿತು, ಅದಕ್ಕೆ ಮುಂಚೆ ಯಾವ ಕಾಡಿಗೆ ಎಂದು ಹೋಗಿದ್ದೆವು, ಅಲ್ಲಿ ಸತ್ತ ಮಂಗವನ್ನೋ ಮೈಮೇಲೆ ಉಣುಗನ್ನೋ ಕಂಡಿದ್ದೆವೇ.

ತರಗತಿಯ ಚಟುವಟಿಕೆಗಳು

1. ರಾಗಿಕಾಳಿನ ಪ್ರಯೋಗ. ಒಂದು ಬಿಳಿ ಪಂಚೆ, ಒಂದು ಕಂದು ಅಥವಾ ಹೂಬಣ್ಣದ ಬಟ್ಟೆ ತರಿಸಿ. ಎರಡರ ಮೇಲೂ 20-20 ರಾಗಿಕಾಳುಗಳನ್ನು ಚೆದುರಿಸಿ. ಎರಡು ಗುಂಪುಗಳು ಒಂದು ನಿಮಿಷದಲ್ಲಿ ಎಷ್ಟು ಕಾಳು ಆರಿಸುವವೆಂದು ಎಣಿಸಿ ಕಪ್ಪುಹಲಗೆಯ ಮೇಲೆ ಬರೆಯಿರಿ. ತಿಳಿಬಣ್ಣದ ಬಟ್ಟೆ ಏಕೆಂಬುದನ್ನು ಮಕ್ಕಳೇ ಹೇಳಲಿ. ನಿಜವಾದ ಉಣುಗನ್ನು ತರಗತಿಗೆ ತರಿಸಲೇಬಾರದು.

2. ಮೈಯ ನಕ್ಷೆ. ಹಲಗೆಯ ಮೇಲೆ ಮಗುವಿನ ಆಕೃತಿ ಬರೆದು, ಉಣುಗು ಅಡಗುವ ಜಾಗಗಳನ್ನು ಮಕ್ಕಳಿಂದ ಗುರುತಿಸಿ. ಪರೀಕ್ಷೆಯನ್ನು ಮಕ್ಕಳು ಮನೆಯಲ್ಲಿ ತಾವೇ ಅಥವಾ ತಾಯಿತಂದೆಯರ ನೆರವಿನಿಂದ ಮಾಡಿಕೊಳ್ಳತಕ್ಕದ್ದು. ಶಿಕ್ಷಕರು ಮಕ್ಕಳ ಮೈ ಪರೀಕ್ಷಿಸುವುದು ಉಚಿತವಲ್ಲ.

3. ಭಿತ್ತಿಪತ್ರದ ಅನುವಾದ. ಊರಿನ ಆರೋಗ್ಯ ಕೇಂದ್ರದಿಂದ ರಾಜ್ಯಭಾಷೆಯ ಪ್ರಕಟಣೆಯನ್ನು ತರಿಸಿ. ಮಕ್ಕಳು ಅದನ್ನು ಮನೆಯ ಕನ್ನಡದಲ್ಲಿ ಬರೆದು ಹಿರಿಯರಿಗೆ ಓದಿ ಹೇಳಲಿ. ಅವರು ಕೇಳಿದ ಪ್ರಶ್ನೆಗಳನ್ನು ಮರುದಿನ ತರಗತಿಗೆ ತರಲಿ.

4. ವೈದ್ಯರೊಡನೆ ಮಾತು. ಒಬ್ಬರು ಅಜ್ಜಿ, ಒಬ್ಬರು ವೈದ್ಯರು, ನಡುವೆ ಮೊಮ್ಮಗು. ಅಜ್ಜಿ ಕನ್ನಡದಲ್ಲಿ ಹೇಳಿದ ಮೂರು ಮಾತುಗಳನ್ನು ಮೊಮ್ಮಗು ರಾಜ್ಯಭಾಷೆಯಲ್ಲಿ ವೈದ್ಯರಿಗೆ ತಿಳಿಸಬೇಕು. ದಿನಾಂಕ ಮತ್ತು ಜಾಗದ ಹೆಸರು ತಪ್ಪದಂತೆ ನೋಡಿಕೊಳ್ಳಿ.

ಅವಲೋಕನಕ್ಕೆ ಪ್ರಶ್ನೆಗಳು

1. ಎಳೆಯ ಉಣುಗಿಗೂ ಮರಿಗೂ ಇರುವ ಎರಡು ವ್ಯತ್ಯಾಸಗಳೇನು?
2. ಪ್ಯಾಂಟಿನ ಅಂಚನ್ನು ಕಾಲುಚೀಲದೊಳಗೆ ಸೇರಿಸುವುದೇಕೆ?
3. ಸತ್ತ ಮಂಗವನ್ನು ಕಂಡ ಗೆಳೆಯನಿಗೆ ನೀವು ಏನು ಹೇಳುವಿರಿ?
4. ಮಂಗನ ಕಾಯಿಲೆಯಾದ ಮನೆಯ ಸಹಪಾಠಿಯ ಪಕ್ಕದಲ್ಲಿ ಕೂರಬಹುದೇ? ಕಾರಣ ಕೊಡಿ.

ಶಾಲೆಯ ಪ್ರವಾಸವಿದ್ದಲ್ಲಿ

ಕಾಡಿನ ತಾಣವನ್ನು ಗೊತ್ತುಮಾಡುವ ಮುನ್ನ, ಅಲ್ಲಿ ಮಂಗಗಳು ಸತ್ತ ವರದಿಯಿದೆಯೇ ಎಂದು ಆ ಪ್ರದೇಶದ ಆರೋಗ್ಯ ಕೇಂದ್ರವನ್ನೋ ಅರಣ್ಯ ಕಚೇರಿಯನ್ನೋ ವಿಚಾರಿಸಬೇಕು. ಇದ್ದರೆ ತಾಣವನ್ನು ಬದಲಿಸಬೇಕು. ಪೋಷಕರಿಗೆ ಕಳುಹಿಸುವ ಪತ್ರದಲ್ಲಿ ಬುತ್ತಿ, ನೀರಿನ ಬಾಟಲಿಗಳ ಜೊತೆಗೆ ತೋಳುದ್ದದ ಅಂಗಿ ಮತ್ತು ಕಾಲುಚೀಲವನ್ನೂ ಸೇರಿಸಬೇಕು. ಮರಳಿದ ಸಂಜೆ ಮಾಡಬೇಕಾದ ಮೈಪರೀಕ್ಷೆಯನ್ನು ಅದೇ ಪತ್ರದಲ್ಲಿ ವಿವರಿಸಬೇಕು. ಪ್ರವಾಸ ಮುಗಿದ ಎರಡು ವಾರ ಹಾಜರಿಪುಸ್ತಕವನ್ನು ಗಮನವಿಟ್ಟು ನೋಡಿ, ಜ್ವರದಿಂದ ಬಾರದ ಮಗುವಿನ ಮನೆಯನ್ನು ಅಂದೇ ವಿಚಾರಿಸಬೇಕು. ಮಗು ಕಾಡಿಗೆ ಹೋಗಿ ಬಂದಿದೆ ಎಂಬ ಒಂದು ಮಾತನ್ನು ವೈದ್ಯರಿಗೆ ತಿಳಿಸಲು ಮನೆಯವರಿಗೆ ನೆನಪಿಸಿದರೆ, ಶಿಕ್ಷಕರು ಮಾಡಬಹುದಾದ ಅತಿ ದೊಡ್ಡ ಉಪಕಾರ ಅದೇ ಆಗುತ್ತದೆ.